ಹದಿನೇಳನೆಯ ಸ್ಥಾನದಲ್ಲಿ ನಿಂತ ಫಿರೋಜ್‌ಷಾ ಮೆಹ್ತಾ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಅನೇಕ ಕುಟುಂಬಗಳಿಗೆ ಮುಂಬಯಿ ದುಡಿಮೆಯ ಊರು. ಅಲ್ಲಿಯ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ ಎಂಬುದನ್ನು ನಾವು ಬಲ್ಲೆವು. ನಗರದ ಚರಂಡಿ, ದೀಪ, ನೀರು ನೋಡಿಕೊಳ್ಳುವ ಸಂಸ್ಥೆಗೆ ಶಾಲೆಯ ಹೊಣೆ ಬಂದದ್ದು ಹೇಗೆ ಎಂದು ಹುಡುಕಹೊರಟರೆ ಸರ್ ಫಿರೋಜ್‌ಷಾ ಮೆಹ್ತಾ ಅವರ ಬದುಕು ಎದುರಾಗುತ್ತದೆ.

1845ರ ಆಗಸ್ಟ್ 4ರಂದು ಮುಂಬಯಿಯ ಪಾರಸಿ ಮನೆತನದಲ್ಲಿ ಜನಿಸಿದ ಅವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ, 1868ರಲ್ಲಿ ಬ್ಯಾರಿಸ್ಟರ್ ಆದರು. 1871ರಲ್ಲಿ ಮುಂಬಯಿಯ ತೆರಿಗೆದಾರರು ಪುರಸಭೆಯ ಕಮಿಷನರ್ ಆರ್ಥರ್ ಕ್ರಾಫರ್ಡರ ದುಂದುವೆಚ್ಚದ ವಿರುದ್ಧ ಸಿಡಿದೆದ್ದಿದ್ದರು. ಜನರೊಡನೆ ತಾವೂ ಕೂಗುವುದು ಯುವ ವಕೀಲನಿಗೆ ಸುಲಭವಾಗಿತ್ತು. ಮೆಹ್ತಾ ಹಾಗೆ ಮಾಡಲಿಲ್ಲ. ದೋಷವಿರುವುದು ಒಬ್ಬ ಅಧಿಕಾರಿಯಲ್ಲಲ್ಲ, ಅವನನ್ನು ಪ್ರಶ್ನಿಸಬಲ್ಲ ಚುನಾಯಿತ ಸಭೆ ಇಲ್ಲದಿರುವುದರಲ್ಲಿ ಎಂದು ವಾದಿಸಿದರು. ಮರುವರ್ಷದ ಕಾಯಿದೆಯಂತೆ 64 ಸದಸ್ಯರ ಪಾಲಿಕೆ ಏರ್ಪಟ್ಟಿತು. ಅವರಲ್ಲಿ ಅರ್ಧದಷ್ಟು ಜನ ತೆರಿಗೆದಾರರಿಂದ ಆಯ್ಕೆಯಾಗತಕ್ಕವರು. ಬಡವರಿಗೂ ಹೆಂಗಸರಿಗೂ ಆ ಮತಪೆಟ್ಟಿಗೆ ಬಹುದೂರವೇ ಇತ್ತೆಂಬುದನ್ನು ಮರೆಯಲಾಗದು. 1888ರ ಮುಂಬಯಿ ಪುರಸಭಾ ಕಾಯಿದೆಯನ್ನು ರೂಪಿಸುವುದರಲ್ಲಿಯೂ ಮೆಹ್ತಾ ಅವರ ಕೈ ದೊಡ್ಡದು.

ಅವರು ಪಾಲಿಕೆಯ ಅಧ್ಯಕ್ಷರಾದರು, 1890ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಜನ ಅವರನ್ನು ಮುಂಬಯಿಯ ಕಿರೀಟವಿಲ್ಲದ ದೊರೆ ಎಂದೇ ಕರೆದರು. ಅವರ ಮಾತು ಕಟುವಾಗಿತ್ತು, ಎದುರಾಳಿಗಳನ್ನು ಸಹಿಸುವ ಗುಣ ಅಷ್ಟಾಗಿ ಇರಲಿಲ್ಲವೆಂದೂ ನಮಗೆ ತೋರುತ್ತದೆ. ಆದರೆ ಆಯವ್ಯಯದ ಒಂದೊಂದು ಬಾಬನ್ನೂ ಓದಿಕೊಂಡೇ ಸಭೆಗೆ ಬರುತ್ತಿದ್ದ ಅವರ ಪ್ರಭಾವ ಆಂಗ್ಲ ಅಧಿಕಾರಿಗಳಿಗೆ ಸಹಿಸಲಾಗದಾಯಿತು.

1907ರ ಪಾಲಿಕೆ ಚುನಾವಣೆಯಲ್ಲಿ ಅಕೌಂಟೆಂಟ್ ಜನರಲ್ ಹ್ಯಾರಿಸನ್ನರ ಮುಂದಾಳುತನದ ಗುಂಪೊಂದು ಅವರನ್ನು ಹೊರಗಿಡಲು ಸಂಚು ಹೂಡಿತು. ಜಸ್ಟಿಸ್ ಆಫ್ ದಿ ಪೀಸ್ ಎಂಬ ಬಿರುದುಳ್ಳ ಗಣ್ಯರು 16 ಸದಸ್ಯರನ್ನು ಆರಿಸಬೇಕಿತ್ತು. ಗುಂಪು ತನ್ನದೇ 16 ಹೆಸರುಗಳ ಪಟ್ಟಿ ಮಾಡಿ ಮತ ಕೂಡಿಸಿತು. ಎಣಿಕೆ ಮುಗಿದಾಗ ಮೆಹ್ತಾ 17ನೆಯವರು! ಮೂವತ್ತು ವರ್ಷಗಳಿಗೂ ಮೀರಿ ಪಾಲಿಕೆಯನ್ನು ಸಾಕಿದವರು ಹೊರಬಿದ್ದರು. ನಗರ ಕೆರಳಿತು, ಪ್ರತಿಭಟನೆಯ ಸಭೆ ನೆರೆಯಿತು. ಅಷ್ಟರಲ್ಲಿ ಗೆದ್ದವರಲ್ಲಿ ಒಬ್ಬರಿಗೆ ಪಾಲಿಕೆಯ ಗುತ್ತಿಗೆಯೊಡನೆ ಸಂಬಂಧವಿದೆ ಎಂಬ ಆಕ್ಷೇಪ ನ್ಯಾಯಾಲಯದಲ್ಲಿ ನಿಂತಿತು. ಅವರ ಆಯ್ಕೆ ರದ್ದಾಗಿ, ಮುಂದಿನ ಸ್ಥಾನದ ಮೆಹ್ತಾ ಸದಸ್ಯರಾದರು. ಸಂಚು ಮಾಡಿದವರು ಕಾಯಿದೆಯನ್ನು ಓದಿರಲಿಲ್ಲವೇನೋ. ಮೆಹ್ತಾ ಅದನ್ನು ಕಟ್ಟಿದವರಲ್ಲೊಬ್ಬರು.

ನಮ್ಮ ಶಾಲಾಕುಟುಂಬಗಳು ಗಮನಿಸಬೇಕಾದ ಘಟನೆ ನಡೆದದ್ದೂ ಅದೇ ವರ್ಷ. ಪೊಲೀಸರ ಮೇಲೆ ಪಾಲಿಕೆಗೆ ಯಾವ ಅಧಿಕಾರವೂ ಇಲ್ಲದಿದ್ದರೂ ಅವರ ವೆಚ್ಚವನ್ನು ಮಾತ್ರ ಅದೇ ತೆರಬೇಕಿತ್ತು. ಇದು ಅನ್ಯಾಯವೆಂದು ಮೆಹ್ತಾ ದಶಕಗಳ ಕಾಲ ವಾದಿಸಿದ್ದರು. 1907ರ ಕಾಯಿದೆಯಿಂದ ಪೊಲೀಸರ ವೆಚ್ಚವನ್ನು ಸರ್ಕಾರ ವಹಿಸಿಕೊಂಡಿತು. ಅದಕ್ಕೆ ಪ್ರತಿಯಾಗಿ ಪ್ರಾಥಮಿಕ ಶಿಕ್ಷಣದ ಹಾಗೂ ವೈದ್ಯಕೀಯ ನೆರವಿನ ಹೊಣೆ ಪಾಲಿಕೆಗೆ ಬಂತು. ಲಾಠಿಗೆ ಹೋಗುತ್ತಿದ್ದ ತೆರಿಗೆಯ ಹಣ ಪಾಟಿಗೆ ತಿರುಗಿತು. ಆ ನಗರದಲ್ಲಿ ಹಲವು ಭಾಷೆಗಳ ಮಕ್ಕಳಿಗಾಗಿ ಪಾಲಿಕೆಯ ಶಾಲೆಗಳು ಬೆಳೆದದ್ದು ಈ ಬುನಾದಿಯ ಮೇಲೆ. ಕನ್ನಡದ ತರಗತಿಗಳು ಸೇರಿಕೊಂಡದ್ದೂ ಹಾಗೆಯೇ. ಕನ್ನಡ ಶಿಕ್ಷಕರ ನೇಮಕಕ್ಕಾಗಿ ನಾವು ಜಿಲ್ಲಾ ಕಚೇರಿಗೆ ಮನವಿಯ ಮೇಲೆ ಮನವಿ ಒಯ್ಯುತ್ತೇವೆ. ಮತ ಕೇಳಲು ಬಾಗಿಲಿಗೆ ಬರುವ ವಾರ್ಡಿನ ಅಭ್ಯರ್ಥಿಯನ್ನು ಶಾಲೆಯ ಬಗ್ಗೆ ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?

ಮೆಹ್ತಾ 1915ರ ನವೆಂಬರ್ 5ರಂದು ತೀರಿಕೊಂಡರು. ಅವರ ಪ್ರತಿಮೆ ಪಾಲಿಕೆಯ ಕಟ್ಟಡದ ಎದುರಿಗೇ ನಿಂತಿದೆ.