ಮುತ್ತುರಾಜನಿಂದ ಸಿ.ಐ.ಡಿ. 999ರವರೆಗೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಮಾಗಳ)

ಕೆಲವು ಕಥಾಪಾತ್ರಗಳಿಗೆ ಸಾವೆಂಬುದಿಲ್ಲ. ಬರೆದಾತ ಮಣ್ಣಾದ ಮೇಲೂ ಅವು ನಡೆದಾಡುತ್ತವೆ. ಕಡಲು ದಾಟಿ, ಹೋದ ನಾಡಿನ ಉಡುಗೆ ತೊಟ್ಟು, ಆ ನಾಡಿನ ಮಾತನ್ನಾಡುತ್ತವೆ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಲೋಕಕ್ಕೆ ಪರಿಚಯಿಸಿದ ಪತ್ತೇದಾರ ಷೆರ್ಲಾಕ್ ಹೋಮ್ಸ್ ಅಂಥವನು. ಇಯಾನ್ ಫ್ಲೆಮಿಂಗ್ 1953ರ ತಮ್ಮ ಮೊದಲ ಕಾದಂಬರಿಯಲ್ಲಿ ಸೃಷ್ಟಿಸಿದ ಗೂಢಚಾರ ಜೇಮ್ಸ್ ಬಾಂಡ್ ಇನ್ನೊಬ್ಬ. ಈ ಎರಡನೆಯವನ ಮಾದರಿಯ ನಾಯಕನೊಬ್ಬ 1968ರಲ್ಲಿ ಕನ್ನಡದಲ್ಲಿಯೂ ಹುಟ್ಟಿದ. ಅವನಿಗೆ ಕನ್ನಡದ ಮೈಯನ್ನೂ ದನಿಯನ್ನೂ ಕೊಟ್ಟವರು ವರನಟ ಡಾ. ರಾಜಕುಮಾರ್. ಅವರು ತೀರಿಕೊಂಡಾಗ ನನ್ನ ಓರಗೆಯವರು ತೊಟ್ಟಿಲ ಕೂಸುಗಳು. ಆದರೂ ಅವರ ಬಾಳಿನಲ್ಲಿ ನಮ್ಮಂಥವರಿಗೆ ಕಲಿಯಲು ಬಹಳವಿದೆ ಎಂದು ನನ್ನ ಭಾವನೆ.

ಅವರು 1929ನೆಯ ಇಸವಿ ಏಪ್ರಿಲ್ 24ರಂದು ಗಾಜನೂರಿನಲ್ಲಿ ಜನಿಸಿದರು. ಹೆತ್ತವರು ಇಟ್ಟ ಹೆಸರು ಮುತ್ತುರಾಜ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗನಟರು. ಕಂಸ, ರಾವಣರಂಥ ಉಗ್ರ ಪಾತ್ರಗಳಿಗೆ ಹೆಸರಾದವರು. ಮನೆಯಲ್ಲಿ ಬಡತನವಿತ್ತು. ಹುಡುಗ ಪ್ರಾಥಮಿಕ ವಿದ್ಯೆಯನ್ನೂ ಪೂರೈಸದೆ ತಂದೆಯೊಡನೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದ. ಅಲ್ಲಿ ರಂಗವೇ ಅವನ ಪಾಠಶಾಲೆಯಾಯಿತು. ನಮ್ಮ ಹಡಗಲಿ ಸೀಮೆಯಲ್ಲಿ ಬಯಲಾಟ ಕಟ್ಟುವವರನ್ನು ಕಂಡವರಿಗೆ ಈ ವಿದ್ಯೆಯ ಬೆಲೆ ತಿಳಿದೀತು. ಅಕ್ಷರ ಬಾರದವರೂ ನೂರಾರು ಮಾತುಗಳನ್ನು ಕಿವಿಯಿಂದಲೇ ಕಲಿತು, ಒಂದಕ್ಷರವೂ ತಪ್ಪದಂತೆ ಬೆಳಗಿನ ಜಾವದವರೆಗೆ ಒಪ್ಪಿಸುತ್ತಾರೆ. ಮುತ್ತುರಾಜನ ನಾಲಗೆಗೆ ಬಂದ ಶುದ್ಧಿಯೂ ಇಂಥ ಸಾಧನೆಯ ಫಲವೇ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ತೆರೆ ಕಂಡಿತು. ಮುತ್ತುರಾಜ ರಾಜಕುಮಾರರಾದರು. ಅಲ್ಲಿಂದ ಮುಂದೆ ರಣಧೀರ ಕಂಠೀರವ, ಕನಕದಾಸ, ಹರಿಶ್ಚಂದ್ರ, ಮಂತ್ರಾಲಯದ ರಾಘವೇಂದ್ರರು, ಇಮ್ಮಡಿ ಪುಲಿಕೇಶಿ, ಹೀಗೆ ಪುರಾಣ ಇತಿಹಾಸಗಳ ಮಹಾಪುರುಷರೆಲ್ಲ ಅವರ ಮುಖದಿಂದಲೇ ಜನರ ಕಣ್ಣೆದುರಿಗೆ ಬಂದರು. ಸಾಮಾಜಿಕ ಚಿತ್ರಗಳಲ್ಲಿಯೂ ಅವರು ನಟಿಸುತ್ತಿದ್ದರು. ಆದರೂ ಸ್ವಾಮಿಗಳ ಕಾವಿಯನ್ನೂ ಅರಸರ ಕಿರೀಟವನ್ನೂ ಧರಿಸಿದವರು ಕೋಟು ತೊಟ್ಟು ಪಿಸ್ತೂಲು ಹಿಡಿಯುವುದೆಂದರೆ ಸಾಮಾನ್ಯ ಸಾಹಸವಲ್ಲ.

ಆ ಸಾಹಸವೇ ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ ‘ಜೇಡರ ಬಲೆ’. ಬಾಂಡ್ ಕಥೆಗಳು 1962ರಿಂದ ಚಲನಚಿತ್ರಗಳಾಗಿ ಲೋಕವನ್ನೆಲ್ಲ ಸುತ್ತುತ್ತಿದ್ದವು. ಅವನ ಗುರುತಿನ ಸಂಖ್ಯೆ 007. ನಮ್ಮವನ ಸಂಖ್ಯೆ 999, ಹೆಸರು ಪ್ರಕಾಶ್. ಅದೇ 1968ರಲ್ಲಿ ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಿತು. ಗೋವೆ ಪೋರ್ಚುಗೀಸರಿಂದ ಬಿಡುಗಡೆ ಹೊಂದಿ ಆಗ ಏಳೇ ವರ್ಷ. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ತೆರೆಗೆ ಬಂದವು. ಇಂಗ್ಲೆಂಡಿನ ಮುಖ್ಯ ಚಿತ್ರಸರಣಿಯಲ್ಲಿ 2021ರವರೆಗೆ ಆರು ಮಂದಿ ನಟರು ಬಾಂಡ್ ಆದರು. ಕನ್ನಡದ ಈ ನಾಲ್ಕೂ ಚಿತ್ರಗಳಲ್ಲಿ ಪ್ರಕಾಶ್ ಒಬ್ಬನೇ.

ಇದು ಬರಿಯ ಅನುಕರಣೆಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಅಂಕಿ, ಕೋಟು, ಪಿಸ್ತೂಲುಗಳೆಲ್ಲ ಎರವಲು ತಂದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎರವಲು ಬಂಗಾರವೂ ತೊಟ್ಟವರ ಮೈಗೆ ಒಪ್ಪಬೇಕಷ್ಟೆ. ಫ್ಲೆಮಿಂಗ್ ಅವರು ಈಟನ್ ಎಂಬ ಪ್ರತಿಷ್ಠಿತ ಶಾಲೆಯಲ್ಲಿ ಓದಿ, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ದುಡಿದವರು. ತಾವು ಕಂಡ ಲೋಕದಿಂದ ಬಾಂಡನನ್ನು ಕಡೆದರು. ನಮ್ಮ ನಟರಿಗೆ ಆ ಲೋಕ ಹುಟ್ಟಿನಿಂದ ಬಂದುದಲ್ಲ. ಅದನ್ನವರು ದುಡಿಮೆಯಿಂದ ಪಡೆದರು. ಕಂಪನಿ ನಾಟಕದಲ್ಲಿ ಪಳಗಿದ ಸ್ಪಷ್ಟ ಕನ್ನಡವನ್ನು ಗೂಢಚಾರನ ಬಾಯಿಗೆ ಕೊಟ್ಟರು.

ನಾನು ವಿಶೇಷವಾಗಿ ನೆನೆಯುವುದು ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರವನ್ನು. ಅದರಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ರಾಜಕುಮಾರ್ ಅವರು ಒಂದು ಇಂಗ್ಲಿಷ್ ಹಾಡನ್ನು ತಾವೇ ಹಾಡಿದ್ದಾರೆ. ಪ್ರಾಥಮಿಕ ಶಾಲೆಯನ್ನೇ ಮುಗಿಸದವರು ಅಳುಕಿಲ್ಲದೆ ಹಾಡಿದ ಆ ಹಾಡನ್ನು ಕನ್ನಡಿಗರು ಇಂದಿಗೂ ಗುನುಗುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಂಗ್ಲಿಷ್ ತರಗತಿಯಲ್ಲಿ ಎದ್ದು ನಿಂತು ಓದುವಾಗ ತೊಡೆ ನಡುಗುವುದೇನೆಂದು ನಾನು ಬಲ್ಲೆ. ನನ್ನ ಅನೇಕ ಗೆಳೆಯರೂ ಬಲ್ಲರು. ಆ ಹಾಡು ಕೇಳಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಪರಭಾಷೆಗೆ ಅಂಜದ ಅವರೇ 1982ರ ಗೋಕಾಕ್ ಚಳವಳಿಯ ಮುಂದಾಳಾಗಿ ನಿಂತು, ಕನ್ನಡಕ್ಕೆ ಶಿಕ್ಷಣದಲ್ಲಿ ಅಗ್ರಸ್ಥಾನ ಬೇಕೆಂದು ಊರೂರು ತಿರುಗಿದರು. ಇವೆರಡರಲ್ಲಿ ವಿರೋಧವಿದೆಯೆಂದು ನನಗೆ ತೋರುವುದಿಲ್ಲ. ತನ್ನ ನುಡಿಯಲ್ಲಿ ಕಾಲೂರಿದವನಿಗೆ ಪರನುಡಿ ಭಯವನ್ನು ಹುಟ್ಟಿಸದು.

1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1995ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಸಂದಿತು. ತೆರೆಯ ಮೇಲೆ ಕೇಡಿಗರ ಬಲೆಯಿಂದ ಜನರನ್ನು ಬಿಡಿಸಿದವರನ್ನು 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದಲೇ ಅಪಹರಿಸಿದ. 108 ದಿನ ಕಾಡಿನಲ್ಲಿ ಸೆರೆಯಿದ್ದು ಅವರು ಮರಳಿದರು. 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಕಣ್ಣಪ್ಪನಾಗಿ ಹೆಸರು ಪಡೆದವರು ತಮ್ಮ ಕಣ್ಣುಗಳನ್ನು ದಾನವಾಗಿ ಬಿಟ್ಟುಹೋದರು.

ಗೆಳೆಯರೇ, ಪದವಿ ಮುಗಿಸಿದ ಮೇಲೆ ನಾವೂ ಅಪರಿಚಿತ ವೇಷಗಳನ್ನು ತೊಡಬೇಕಾದೀತು. ಕಲಿಯದ ಮಾತುಗಳನ್ನು ಆಡಬೇಕಾದೀತು. ಆಗ ಹಿಂಜರಿಯದಿರೋಣ. ಶ್ರಮಪಟ್ಟು ಕಲಿತರೆ ಎರವಲು ವೇಷವೂ ನಮ್ಮದಾದೀತು. ಅದರೊಳಗಿಂದ ಹೊರಡುವ ದನಿ ಮಾತ್ರ ನಮ್ಮೂರಿನದೇ ಆಗಿರಲಿ.