ಎಡ್ವರ್ಡ್ ಜೆನ್ನರ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳನ್ನು ಒಂದು ಕಾಲದಲ್ಲಿ ನಡುಗಿಸಿದ ಮಹಾವ್ಯಾಧಿ ಸಿಡುಬು. ಅದನ್ನು ತಡೆಯುವ ಮಾರ್ಗವನ್ನು ಲೋಕಕ್ಕೆ ತೋರಿದವನು ಎಡ್ವರ್ಡ್ ಜೆನ್ನರ್.

ಜೆನ್ನರನು 1749ರಲ್ಲಿ ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನಲ್ಲಿ ಜನಿಸಿದನು. ವೈದ್ಯಶಾಸ್ತ್ರವನ್ನು ಕಲಿತು ಹುಟ್ಟೂರಿನಲ್ಲಿಯೇ ವೈದ್ಯನಾಗಿ ನೆಲಸಿದನು. ಹಸುವಿನ ಕೆಚ್ಚಲಿನಿಂದ ಸೌಮ್ಯವಾದ ಗೋಸಿಡುಬು ತಗುಲಿದವರಿಗೆ ಸಿಡುಬು ಬಾರದೆಂದು ಆ ಸೀಮೆಯ ಹಳ್ಳಿಗರು ನಂಬಿದ್ದರು. ಜೆನ್ನರನು ಈ ನಂಬಿಕೆಯನ್ನು ಪರೀಕ್ಷಿಸಲು ನಿಶ್ಚಯಿಸಿದನು. 1796ರ ಮೇ 14ರಂದು, ಹಾಲು ಕರೆಯುವ ಸಾರಾ ನೆಲ್ಮ್ಸಳ ಕೈಯ ಗುಳ್ಳೆಯ ರಸವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸನ ತೋಳಿಗೆ ಸೇರಿಸಿದನು. ಜುಲೈಯಲ್ಲಿ ಸಿಡುಬಿನ ಕೀವನ್ನೇ ಚುಚ್ಚಿದನು. ನಂಬಿಕೆ ಸುಳ್ಳಾಗಿದ್ದರೆ ಬಾಲಕನ ಪ್ರಾಣಕ್ಕೇ ಸಂಚಕಾರವಾಗುತ್ತಿತ್ತು. ಆದರೆ ಅವನಿಗೆ ರೋಗ ತಗುಲಲಿಲ್ಲ. ಜೆನ್ನರನು 1798ರಲ್ಲಿ ತನ್ನ ಶೋಧವನ್ನು ಪ್ರಕಟಿಸಿದನು; ಬಡವರಿಗೆ ಉಚಿತವಾಗಿ ಲಸಿಕೆ ಹಾಕಿದನು.

ಇದರ ಕಾರಣವು ಅವನ ಕಾಲದಲ್ಲಿ ತಿಳಿದಿರಲಿಲ್ಲ. ಈ ಎರಡು ರೋಗಗಳ ವೈರಸ್ಸುಗಳ ಹೊರಮೈಯಲ್ಲಿರುವ ಪ್ರೋಟೀನುಗಳ ರಚನೆ ಬಹುಮಟ್ಟಿಗೆ ಒಂದೇ ಬಗೆಯದು. ಆದುದರಿಂದ ಒಂದನ್ನು ಎದುರಿಸಲು ದೇಹವು ನಿರ್ಮಿಸಿದ ಪ್ರತಿಕಾಯಗಳು ಇನ್ನೊಂದನ್ನೂ ಗುರುತಿಸಿ ತಡೆಯುತ್ತವೆ. ಇಂದಿನ ವಿಜ್ಞಾನಿಗಳು ಇಂತಹ ಪ್ರೋಟೀನುಗಳ ರಚನೆಯನ್ನು ಅರಿತೇ ಹೊಸ ಲಸಿಕೆಗಳನ್ನು ರೂಪಿಸುತ್ತಾರೆ.

ಲಸಿಕೆಯು 1802ರಲ್ಲಿ ಮುಂಬಯಿಗೆ ಬಂದಿತು. ಮುಂದೆ ಬೆಳಗಾವಿಯಲ್ಲಿಯೇ ಕರುಗಳ ಮೈಮೇಲೆ ಅದನ್ನು ಬೆಳೆಸಿ ತಯಾರಿಸಲಾಯಿತು. ಜೆನ್ನರನು 1823ರಲ್ಲಿ ತೀರಿಕೊಂಡನು. 1980ರಲ್ಲಿ ಸಿಡುಬು ಭೂಮಿಯಿಂದಲೇ ಅಳಿದುಹೋಯಿತೆಂದು ಘೋಷಿಸಲಾಯಿತು.