ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್

ಕಿರ್ಲೋಸ್ಕರ್ ಅಂದರೆ ನಮಗೆಲ್ಲ ನೀರೆತ್ತುವ ಪಂಪು ನೆನಪಾಗುತ್ತದೆ. ಆ ಕಾರ್ಖಾನೆ ಕಟ್ಟಿದವರು ನಮ್ಮ ತೊರಗಲ್ ಸೀಮೆಯಲ್ಲೇ ಹುಟ್ಟಿದವರು. ಅವರ ಬಗ್ಗೆ ನಾನು ಬರೆಯುತ್ತೇನೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ನೇ ಇಸವಿ ಜೂನ್ 20ರಂದು ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ ಜನಿಸಿದರು. ಅವರಿಗೆ ಚಿತ್ರ ಬರೆಯುವುದು ಅಂದ್ರ ಜೀವ. ಮುಂಬಯಿಯ ಜೆ.ಜೆ. ಚಿತ್ರಕಲಾ ಶಾಲೆಗೆ ಸೇರಿದರು. ಅಲ್ಲಿ, ಅವರ ಕಣ್ಣಿಗೆ ಕೆಲವು ಬಣ್ಣ ಸರಿಯಾಗಿ ತಿಳಿಯುವುದಿಲ್ಲ ಅಂತ ಗೊತ್ತಾಯಿತು. ಚಿತ್ರಗಾರ ಆಗುವ ಆಸೆ ಮುಗಿಯಿತು. ಯಂತ್ರದ ನಕ್ಷೆಗೆ ಬಣ್ಣ ಬೇಡ, ಗೆರೆ ಸಾಕು. ಅದನ್ನೇ ಕಲಿತು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಆ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಅಣ್ಣನ ಜೋಡಿ ಸೈಕಲ್ ಅಂಗಡಿ ನಡೆಸಿದರು. ಮುಂದೆ ಮೇವು ಕತ್ತರಿಸುವ ಯಂತ್ರ, 1903ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು.

ಕಟ್ಟಿಗೆಯ ರಂಟಿ ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಕರಿಕಿ ಬೇರು ಒಳಗೇ ಉಳಿಯುತ್ತದೆ. ಕಬ್ಬಿಣದ ನೇಗಿಲಿನ ಕುಳ ಮಣ್ಣು ಕೊಯ್ಯುತ್ತದೆ, ಅದರ ಹಿಂದಿನ ರೆಕ್ಕೆ ಆ ಹೆಂಟಿಯನ್ನು ಎತ್ತಿ ಬೋರಲು ಹಾಕುತ್ತದೆ. ಈ ರೆಕ್ಕೆಯ ತಿರುವಿನಲ್ಲೇ ಎಲ್ಲಾ ಜಾಣತನ ಇದೆ. ಹಳೆ ನೋಟಬುಕ್ಕಿನ ರಟ್ಟನ್ನು ಎರಡು ತುದಿ ಹಿಡಿದು, ಒಂದು ತುದಿ ಮಾತ್ರ ತಿರುಚಿ ನೋಡ್ರಿ. ರೆಕ್ಕೆ ಹಂಗೇ ಇರುತ್ತದೆ. ರೆಕ್ಕೆ ಚಪ್ಪಟೆ ಇದ್ದರೆ ಮಣ್ಣು ಮುಂದೆ ಗುಡ್ಡೆ ಬೀಳುತ್ತದೆ, ಎತ್ತಿಗೆ ಭಾರ. ಉಕ್ಕಿನ ತಗಡಿನ ರೆಕ್ಕೆಯನ್ನು ಕೆಂಪಗೆ ಕಾಯಿಸಿ, ಅಚ್ಚಿಗೆ ಒತ್ತಿ ಬಗ್ಗಿಸುತ್ತಾರೆ. ಎಲ್ಲಾ ನೇಗಿಲಿಗೂ ಒಂದೇ ತಿರುವು ಬರಬೇಕು.

ಆದರೆ ನೇಗಿಲು ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಅಂತ ರೈತರು ಅಂಜಿದರು. ಅವರದೂ ತಪ್ಪಲ್ಲ. ಒಂದು ವರ್ಷದ ಬೆಳೆ ಹೋದರೆ ಮನಿ ಮಂದಿ ಏನು ಉಣ್ಣಬೇಕು? ಮೊದಲನೇ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಲಕ್ಷ್ಮಣರಾಯರು ಎದೆಗುಂದಲಿಲ್ಲ. ಹೊಲದಲ್ಲಿ ಕೆಲಸ ನೋಡಿದ ಮೇಲೆ ರೈತರ ಅಂಜಿಕೆ ನಿಧಾನಕ್ಕೆ ಹೋಯಿತು.

ಅಷ್ಟರಲ್ಲಿ ಬೆಳಗಾವಿಯ ಪುರಸಭೆ ಅವರ ಕಾರ್ಖಾನೆಯ ಜಾಗ ಬಿಡಿಸಿತು. ಆಗ ಔಂಧ ಸಂಸ್ಥಾನದ ರಾಜರು 32 ಎಕರೆ ಬಂಜರು ಭೂಮಿ ಕೊಟ್ಟು, ಸಾಲವನ್ನೂ ಕೊಟ್ಟರು. ಅಲ್ಲಿ ತುಂಬಾ ಪಾಪಾಸುಕಳ್ಳಿ, ಹಾವು. ಅದನ್ನು ಕಡಿದು 1910ರಲ್ಲಿ ಕಾರ್ಖಾನೆ, ಕೆಲಸಗಾರರ ಮನೆಗಳನ್ನು ಕಟ್ಟಿದರು. ಅದೇ ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ.

ಅವರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. 1969ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿ ಹೊರಡಿಸಿತು.

ಈಗ ಟ್ರ್ಯಾಕ್ಟರಿಗೆ ಹಚ್ಚುವ ಪಲ್ಟಿ ನೇಗಿಲಿಗೂ ಅಂಥದೇ ತಿರುಚಿದ ರೆಕ್ಕೆ ಇರುತ್ತದೆ. ಹೊಲಕ್ಕೆ ಬಂದಾಗ ಹತ್ತಿರ ಹೋಗಿ ನೋಡಿರಿ, ಆದರೆ ನಿಂತಾಗ ಮಾತ್ರ.